ಎರಡು ಗೆರೆಗಳ ಬೆಲೆ

ಬೆಳಗಿನಿಂದ ರಾತ್ರಿಯವರೆಗೆ ನಮ್ಮ ಕಣ್ಣಿಗೆ ಬೀಳುವ ಚಿತ್ರಗಳೆಷ್ಟು, ಅಕ್ಷರಗಳ ಬಗೆಗಳೆಷ್ಟು ಎಂಬುದನ್ನು ನೀವು ಎಂದಾದರೂ ಎಣಿಸಿ ನೋಡಿದ್ದೀರಾ? ಹಾಲಿನ ಪೊಟ್ಟಣ, ಸಾಬೂನಿನ ಹೊದಿಕೆ, ಬಸ್ಸಿನ ಫಲಕ, ಔಷಧದ ಡಬ್ಬಿ, ಮದುವೆಯ ಕರೆಯೋಲೆ, ಅಂಗಡಿಯ ಹೆಸರುಹಲಗೆ, ಕೊನೆಗೆ ನಿಮ್ಮ ಕೈಯಲ್ಲಿರುವ ಪುಸ್ತಕದ ಮುಖಪುಟ. ಇವುಗಳಲ್ಲಿ ಯಾವುದೂ ತಾನಾಗಿ ಹುಟ್ಟಿದ್ದಲ್ಲ. ಎಲ್ಲಿ ಯಾವ ಬಣ್ಣವಿರಬೇಕು, ಯಾವ ಅಕ್ಷರ ದೊಡ್ಡದಾಗಬೇಕು, ಎಲ್ಲಿ ಏನನ್ನೂ ಬರೆಯದೆ ಬರಿದಾಗಿ ಬಿಡಬೇಕು ಎಂಬುದನ್ನು ಯಾರೋ ಒಬ್ಬರು ಕುಳಿತು ಯೋಚಿಸಿದ್ದಾರೆ. ಮನೆ ಕಟ್ಟಿದ ಗಾರೆಯವನ ಹೆಸರು ಆ ಮನೆಯಲ್ಲಿ ವಾಸಿಸುವವನಿಗೆ ತಿಳಿಯದಿರುವಂತೆ, ಹೀಗೆ ಯೋಚಿಸಿದವರ ಹೆಸರೂ ನಮಗೆ ತಿಳಿದಿರುವುದಿಲ್ಲ.

ಈ ಕೆಲಸಕ್ಕೆ ಗ್ರಾಫಿಕ್ ಡಿಸೈನ್ ಎಂದು ಹೆಸರು. ಅಮೆರಿಕದ ವಿಲಿಯಂ ಅಡಿಸನ್ ಡ್ವಿಗಿನ್ಸ್ ಎಂಬ ಪುಸ್ತಕ ವಿನ್ಯಾಸಕಾರರು 1922ರಲ್ಲಿ ಬರೆದ ಒಂದು ಲೇಖನದಲ್ಲಿ ಈ ಮಾತನ್ನು ಬಳಸಿದರು. ಹೆಸರು ಹೊಸದಾದರೂ ಕೆಲಸ ಹಳೆಯದು. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಮುದ್ರಣವಾದಾಗಲೂ ಪುಟವನ್ನು ಹೀಗೆ ಹೀಗೆ ತುಂಬಬೇಕೆಂದು ನಿರ್ಧರಿಸಿದ ಕೈಯೊಂದು ಇದ್ದೇ ಇತ್ತು. ಇಂದು ಆ ಕೈ ಬಹುಮಟ್ಟಿಗೆ ಗಣಕಯಂತ್ರದ ಮುಂದೆ ಕೆಲಸ ಮಾಡುತ್ತದೆ.

ವಿನ್ಯಾಸಕಾರರಲ್ಲಿ ಎರಡು ಬಗೆಯವರುಂಟು. ಒಂದು ಸಂಸ್ಥೆಯಲ್ಲಿ ಸಂಬಳಕ್ಕೆ ದುಡಿಯುವವರು ಮೊದಲನೆಯವರು. ಯಾರ ನೌಕರಿಯಲ್ಲೂ ಇರದೆ, ಬಂದ ಕೆಲಸವನ್ನು ಒಪ್ಪಿ, ಮಾಡಿಕೊಟ್ಟು, ಆಯಾ ಕೆಲಸಕ್ಕೆ ಪ್ರತಿಫಲ ಪಡೆಯುವವರು ಎರಡನೆಯವರು. ಇವರನ್ನು ಫ್ರೀಲಾನ್ಸ್ ವಿನ್ಯಾಸಕಾರರೆನ್ನುತ್ತಾರೆ. ಲಾನ್ಸ್ ಎಂದರೆ ಈಟಿ. ಸರ್ ವಾಲ್ಟರ್ ಸ್ಕಾಟ್ 1819ರಲ್ಲಿ ಪ್ರಕಟಿಸಿದ 'ಐವನ್‌ಹೋ' ಕಾದಂಬರಿಯಲ್ಲಿ, ಒಬ್ಬ ಒಡೆಯನಿಗೆ ಕಟ್ಟುಬೀಳದೆ ಕೂಲಿ ಕೊಟ್ಟವರ ಪರವಾಗಿ ಕಾದುವ ಯೋಧರನ್ನು ಕುರಿತು ಈ ಮಾತು ಬರುತ್ತದೆ. ಈಟಿಯ ಕಾಲ ಹೋಯಿತು, ಮಾತು ಉಳಿಯಿತು. ಸ್ವತಂತ್ರವೃತ್ತಿ ಎಂದು ನಾವು ಇದನ್ನು ಕರೆಯಬಹುದು. ಆದರೆ ಈ ಸ್ವಾತಂತ್ರ್ಯದ ಒಳಗೇನಿದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ನನ್ನದೇ ಒಂದು ತಪ್ಪಿನಿಂದ.

ನಾನು ಮೂವತ್ತನಾಲ್ಕು ವರ್ಷ ಕನ್ನಡ ಬೋಧಿಸಿದ ಪ್ರೌಢಶಾಲೆಗೆ ಕಳೆದ ವರ್ಷ ಐವತ್ತು ತುಂಬಿತು. ಸುವರ್ಣ ಮಹೋತ್ಸವದ ಅಂಗವಾಗಿ ಒಂದು ಸ್ಮರಣ ಸಂಚಿಕೆ ತರಬೇಕೆಂದು ಸಮಿತಿ ತೀರ್ಮಾನಿಸಿ, ನಿವೃತ್ತನಾದ ನನ್ನ ಹೆಗಲಿಗೆ ಸಂಪಾದಕತ್ವವನ್ನು ಹೊರಿಸಿತು. ಸಂಚಿಕೆಗೆ 'ಸುವರ್ಣ ಸ್ಮೃತಿ' ಎಂದು ಹೆಸರಿಟ್ಟೆವು. ಮುಖಪುಟಕ್ಕೆ ಯಾರು? ನನಗೆ ಥಟ್ಟನೆ ನೆನಪಾದವನು ಮೈಸೂರಿನಲ್ಲಿ ನೆಲೆಸಿರುವ ನನ್ನೊಬ್ಬ ಹಳೆಯ ವಿದ್ಯಾರ್ಥಿ. ನೋಟು ಪುಸ್ತಕದ ಅಂಚಿನಲ್ಲೆಲ್ಲ ಎತ್ತು, ಗಾಡಿ, ಮೇಷ್ಟರ ಕನ್ನಡಕಗಳನ್ನು ಬರೆದು ನನ್ನಿಂದ ಬೈಸಿಕೊಂಡಿದ್ದ ಹುಡುಗ. ಮುಂದೆ ಚಿತ್ರಕಲೆಯನ್ನೇ ಕಲಿತು, ಬೆಂಗಳೂರಿನ ಜಾಹೀರಾತು ಸಂಸ್ಥೆಯೊಂದರಲ್ಲಿ ಕೆಲವು ವರ್ಷ ದುಡಿದು, ಈಗ ಮನೆಯಲ್ಲೇ ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದಾನೆ.

ಅವನಿಗೆ ದೂರವಾಣಿ ಮಾಡಿ ನಾನು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. "ನೋಡಪ್ಪ, ನಿನ್ನ ಶಾಲೆಯ ಕೆಲಸ. ಎರಡು ಗೆರೆ ಎಳೆದುಕೊಟ್ಟರೆ ಆಯಿತು. ನಿನಗದೇನು ಮಹಾ!" ಅವನು ಒಂದು ಕ್ಷಣ ಸುಮ್ಮನಿದ್ದು, "ಆಗಲಿ ಗುರುಗಳೇ" ಎಂದನು. ಆ ಒಂದು ಕ್ಷಣದ ಮೌನವನ್ನು ನಾನು ಗಮನಿಸಲಿಲ್ಲ. ಹಣದ ಮಾತನ್ನು ನಾನು ಎತ್ತಲಿಲ್ಲ. ಗುರುವಿನೆದುರು ಅವನು ಎತ್ತಲಾರನಾದನು.

ವಾರದೊಳಗೆ ಅವನು ಮೂರು ಕರಡುಗಳನ್ನು ಕಳುಹಿಸಿದನು. ಒಂದರಲ್ಲಿ ಹಳೆಯ ಶಾಲೆಯ ಗಂಟೆ ಮಾತ್ರವಿತ್ತು. ಉಳಿದ ಪುಟವೆಲ್ಲ ತಿಳಿಹಳದಿಯ ಬಯಲು. ನನಗೆ ಅದು ಹಿಡಿಸಿತು. ಆದರೆ ಸಮಿತಿಯಲ್ಲಿ ಒಂಬತ್ತು ಮಂದಿಯಿದ್ದೆವು. "ಜಾಗವೆಲ್ಲ ಖಾಲಿ ಬಿಟ್ಟಿದ್ದಾನಲ್ಲ, ಕಟ್ಟಡದ ಚಿತ್ರ ಬರಲಿ" ಎಂದರು ಒಬ್ಬರು. ಸಂಸ್ಥಾಪಕರ ಭಾವಚಿತ್ರ ಬೇಕೆಂದರು ಇನ್ನೊಬ್ಬರು. ಸರಸ್ವತಿ ಬೇಕು, ದಾನಿಗಳ ಹೆಸರು ಬೇಕು, ಹಳದಿಗಿಂತ ಕೆಂಪು ಮೇಲು, ಕೆಂಪಿಗಿಂತ ಮೊದಲಿನ ಹಳದಿಯೇ ವಾಸಿ, ಹೀಗೆ ತಿದ್ದುಪಡಿಗಳು ಹೊರಟವು. ಪ್ರತಿಯೊಂದನ್ನೂ ನಾನು ನಿಷ್ಠೆಯಿಂದ ಅವನಿಗೆ ದಾಟಿಸಿದೆ. ಅವನೂ ತಾಳ್ಮೆಯಿಂದ ತಿದ್ದಿ ಕಳುಹಿಸಿದನು. ಹನ್ನೊಂದನೆಯ ಸಲ ಸಮಿತಿಯು ಮೊದಲ ಕರಡಿನ ಗಂಟೆಯನ್ನೇ ಒಪ್ಪಿಕೊಂಡಿತು! ಮುದ್ರಣದ ಕಾಲಕ್ಕೆ ನಾನು ಮೈಸೂರಿಗೆ ಹೋಗಿ ಎರಡು ದಿನ ಅವನ ಮನೆಯಲ್ಲಿ ಉಳಿದೆ. ನಾನು ಈ ಪಾಠವನ್ನು ಬರೆಯುತ್ತಿರುವುದು ಆ ಎರಡು ದಿನಗಳಲ್ಲಿ ಕಂಡದ್ದರಿಂದ.

ಸ್ವತಂತ್ರವೃತ್ತಿಯವನು ಬೇಕಾದಾಗ ಏಳುತ್ತಾನೆ, ಬೇಡವಾದಾಗ ಮಲಗುತ್ತಾನೆ ಎಂದು ನಾನು ಭಾವಿಸಿದ್ದೆ. ಅವನು ಐದೂವರೆಗೇ ಎದ್ದು, ಮನೆಮಂದಿ ಏಳುವ ಮುನ್ನ, ಕಿಟಕಿಯ ಬಳಿ ಪೆನ್ಸಿಲು ಕಾಗದ ಹಿಡಿದು ಕುಳಿತಿದ್ದನು. ಗಣಕಯಂತ್ರ ಇನ್ನೂ ಮುಚ್ಚಿಯೇ ಇತ್ತು. ಸಿಹಿತಿಂಡಿ ಅಂಗಡಿಯೊಂದಕ್ಕೆ ಗುರುತಿನ ಚಿಹ್ನೆ ಬೇಕಾಗಿದ್ದಿತಂತೆ. ಅದಕ್ಕಾಗಿ ಪುಟದ ತುಂಬ ಹೆಬ್ಬೆರಳಿನಷ್ಟು ಚಿಕ್ಕ ಚಿತ್ರಗಳು: ಲಾಡು, ತಟ್ಟೆ, ಬಾಳೆಯೆಲೆ, ಅಂಗಡಿಯ ಹೆಸರಿನ ಮೊದಲಕ್ಷರ. ನಲವತ್ತಿದ್ದುವು. "ಇವುಗಳಲ್ಲಿ ಎಷ್ಟನ್ನು ಅಂಗಡಿಯವರಿಗೆ ತೋರಿಸುವೆ?" ಎಂದೆ. "ಮೂರನ್ನು" ಎಂದನು. "ಉಳಿದವು ವ್ಯರ್ಥವೆ?" "ಇಲ್ಲ ಗುರುಗಳೇ. ಮೂವತ್ತೇಳು ತಪ್ಪುಗಳನ್ನು ಬರೆದು ನೋಡದೆ ಆ ಮೂರು ಸಿಗುವುದಿಲ್ಲ."

ಎಂಟು ಗಂಟೆಗೆ ಅಂಗಡಿಯ ಮಾಲೀಕರೊಡನೆ ಮಾತುಕತೆ ನಡೆಯಿತು. ಅವನು ಬಣ್ಣದ ಮಾತನ್ನೇ ಆಡಲಿಲ್ಲ. ನಿಮ್ಮ ಅಂಗಡಿಗೆ ಯಾರು ಬರುತ್ತಾರೆ? ಹಳ್ಳಿಯವರೋ ಪ್ರವಾಸಿಗಳೋ? ಡಬ್ಬಿಯನ್ನು ಎಷ್ಟು ದೂರದಿಂದ ಗುರುತಿಸಬೇಕು? ಚಿಹ್ನೆಯನ್ನು ಹಲಗೆಯ ಮೇಲೆ ಬರೆಸುವಿರೋ, ಕೈಚೀಲದ ಮೇಲೂ ಅಚ್ಚುಹಾಕಿಸುವಿರೋ? ವೈದ್ಯನು ನಾಡಿ ನೋಡಿದಂತೆ ಪ್ರಶ್ನೆಗಳನ್ನು ಕೇಳಿ ಬರೆದುಕೊಂಡನು. ಅನಂತರ ನನಗೆ ಹೇಳಿದನು: "ಚಿತ್ರ ಬರೆಯುವುದು ಈ ಕೆಲಸದ ಅರ್ಧ. ಎದುರಿನವರಿಗೆ ಏನು ಬೇಕಾಗಿದೆ ಎಂಬುದನ್ನು ಅವರಿಗೇ ತಿಳಿಸಿಕೊಡುವುದು ಉಳಿದ ಅರ್ಧ."

ಬಳಿಕ ನಮ್ಮ ಮುಖಪುಟದ ಸರದಿ. 'ಎರಡು ಗೆರೆ' ಎಂದಿದ್ದೆನಲ್ಲ, ಆ ಗೆರೆಗಳ ಒಳಗುಟ್ಟು ಈಗ ತೆರೆದುಕೊಂಡಿತು. ಮೊದಲನೆಯದು ಬಣ್ಣದ ಸಮಸ್ಯೆ. ಗಣಕಯಂತ್ರದ ಪರದೆ ಬೆಳಕನ್ನು ಸೂಸುತ್ತದೆ. ಕೆಂಪು, ಹಸುರು, ನೀಲಿ ಎಂಬ ಮೂರು ಬೆಳಕುಗಳ ಬೆರಕೆಯಿಂದ ಅಲ್ಲಿ ಬಣ್ಣಗಳು ಹುಟ್ಟುತ್ತವೆ. ಕಾಗದವು ಬೆಳಕನ್ನು ಸೂಸುವುದಿಲ್ಲ, ತನ್ನ ಮೇಲೆ ಬಿದ್ದುದನ್ನು ಹಿಂದಿರುಗಿಸುತ್ತದೆ. ಅಲ್ಲಿ ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ನೇರಳೆಗೆಂಪು, ಹಳದಿ, ಕಪ್ಪು ಈ ನಾಲ್ಕು ಶಾಯಿಗಳೇ ಸಾಮಾನ್ಯವಾಗಿ ಎಲ್ಲ ಬಣ್ಣಗಳನ್ನೂ ಹುಟ್ಟಿಸಬೇಕು. ಆದುದರಿಂದ ಪರದೆಯ ಮೇಲೆ ಹೊಳೆಯುವ ಹಸುರು ಕಾಗದದಲ್ಲಿ ಮಂಕಾಗುವುದುಂಟು. ಇದನ್ನರಿಯದ ಗಿರಾಕಿ ವಿನ್ಯಾಸಕಾರನನ್ನೇ ದೂರುತ್ತಾನೆ.

ಎರಡನೆಯದು ಚಿತ್ರದ ಸಮಸ್ಯೆ. ಒಳಪುಟಕ್ಕೆಂದು ನಾನು ಮೊಬೈಲಿನಲ್ಲಿ ಶಾಲೆಯ ಕಟ್ಟಡದ ಛಾಯಾಚಿತ್ರ ಕಳುಹಿಸಿದ್ದೆ. ಅಂಗೈಯಗಲದ ಪರದೆಯಲ್ಲಿ ಅದು ಸೊಗಸಾಗಿಯೇ ಕಾಣುತ್ತಿತ್ತು. ಆದರೆ ಒಳ್ಳೆಯ ಮುದ್ರಣಕ್ಕೆ ಸಾಮಾನ್ಯವಾಗಿ ಪ್ರತಿ ಅಂಗುಲಕ್ಕೆ 300 ಬಿಂದುಗಳಿರಬೇಕು. 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಎತ್ತರದ ಎ4 ಪುಟವನ್ನು ತುಂಬಬೇಕಾದರೆ ಅಡ್ಡಕ್ಕೆ ಸುಮಾರು 2,480, ಉದ್ದಕ್ಕೆ ಸುಮಾರು 3,508 ಬಿಂದುಗಳು ಬೇಕು. ನನ್ನ ಚಿತ್ರವು ಮೊಬೈಲಿನ ಹಾದಿಯಲ್ಲಿ ಕುಗ್ಗಿ, ಅದರ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಹಿಗ್ಗಿಸಿದರೆ ಕಿಟಕಿಗಳೆಲ್ಲ ಮಸಿಯ ಚೌಕಗಳಾಗುತ್ತಿದ್ದವು. ಅವನು ಒಂದು ಭಾನುವಾರ ನಮ್ಮೂರಿಗೆ ಬಸ್ಸಿನಲ್ಲಿ ಬಂದು ತಾನೇ ಹೊಸ ಚಿತ್ರ ತೆಗೆದುಕೊಂಡು ಹೋಗಿದ್ದನಂತೆ. ಶಾಲೆಗೆ ರಜವಾದುದರಿಂದ ಯಾರಿಗೂ ತಿಳಿದಿರಲಿಲ್ಲ. ನನ್ನ ಮನೆಗೆ ಬಂದರೆ ನಾನು ಊಟಕ್ಕೆ ನಿಲ್ಲಿಸಿಕೊಂಡೇನು, ಬಿಸಿಲು ಇಳಿದುಹೋದೀತು ಎಂದು ಬರಲಿಲ್ಲವಂತೆ.

ಮೂರನೆಯದು ನಮ್ಮ ಲಿಪಿಯದೇ ಸಮಸ್ಯೆ. 'ಸ್ಮೃತಿ' ಎಂಬ ಪದವನ್ನು ಬರೆದು ನೋಡಿ. ಸಕಾರದ ಕೆಳಗೆ ಮಕಾರದ ಒತ್ತು, ಅದರ ಜೊತೆಗೆ ಋಕಾರದ ವಟ್ರಸುಳಿ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಬೇರು ಬಿಡುತ್ತವೆ. ಇಂಗ್ಲಿಷಿನ ಅಳತೆಯಲ್ಲೇ ಸಾಲುಗಳನ್ನು ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಸಾಲದುದಕ್ಕೆ, ಹಳೆಯ ಪದ್ಧತಿಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿಸಿದ್ದ ನನ್ನ ಸಂಪಾದಕೀಯವು ಅವನ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದ ಮೊದಲ ಆವೃತ್ತಿಯಲ್ಲೇ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳು ದೊರೆತಿವೆ. ಆದರೂ ಹಳೆಯ ಪದ್ಧತಿ ನಮ್ಮಲ್ಲಿ ಪೂರ್ತಿಯಾಗಿ ಹೋಗಿಲ್ಲ. ಅದನ್ನೆಲ್ಲ ಹೊಸ ಕ್ರಮಕ್ಕೆ ಮಾರ್ಪಡಿಸಿ, ಬಿಟ್ಟುಹೋದ ಒತ್ತುಗಳನ್ನು ಹುಡುಕಿ ಹುಡುಕಿ ಸೇರಿಸಿದವನೂ ಅವನೇ.

ಮಧ್ಯಾಹ್ನ ಮುದ್ರಣಾಲಯಕ್ಕೆ ಹೋದೆವು. ಅಲ್ಲಿ ಪುಟವನ್ನು ಅದರ ಅಳತೆಗಿಂತ ದೊಡ್ಡ ಕಾಗದದಲ್ಲಿ ಮುದ್ರಿಸಿ ಅನಂತರ ಕತ್ತರಿಸುತ್ತಾರೆ. ಕತ್ತರಿಸುವ ಅಲಗು ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಬಿಳಿಯ ಗೀರು ಕಾಣುತ್ತದೆ. ಅದಕ್ಕಾಗಿ ಬಣ್ಣವನ್ನು ಅಂಚಿನ ಆಚೆಗೆ ಸಾಮಾನ್ಯವಾಗಿ 3 ಮಿಲಿಮೀಟರ್ ಚಾಚಿರಬೇಕು. ಆ ಮೂರು ಮಿಲಿಮೀಟರನ್ನು ಓದುಗರಾರೂ ಕಾಣುವುದಿಲ್ಲ. ಅದು ಇಲ್ಲದಿದ್ದರೆ ಮಾತ್ರ ಎಲ್ಲರೂ ಕಾಣುತ್ತಾರೆ. ಮಾದರಿ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅವನು ಅರ್ಧ ಗಂಟೆ ಪರೀಕ್ಷಿಸಿದನು. ಮುದ್ರಕರು ಬೇಸರಪಟ್ಟುಕೊಳ್ಳಲಿಲ್ಲ, ಈ ಕೆಲಸದಲ್ಲಿ ಒಂದು ತಪ್ಪು ಸಾವಿರ ಪ್ರತಿಗಳಲ್ಲಿ ಸಾವಿರ ತಪ್ಪಾಗುತ್ತದೆ ಎಂಬುದನ್ನು ಅವರೂ ಬಲ್ಲರು.

ಸಂಜೆ ಹಿಂದಿರುಗಿ ಬಂದಾಗ ಕೆಲಸ ಮುಗಿಯಿತೆಂದುಕೊಂಡೆ. ಮುಗಿದದ್ದು ವಿನ್ಯಾಸದ ಕೆಲಸ ಮಾತ್ರ. ಇನ್ನು ಗುಮಾಸ್ತನ ಕೆಲಸ ಆರಂಭವಾಯಿತು. ಸ್ವತಂತ್ರವೃತ್ತಿಯವನು ತನ್ನ ಕಚೇರಿಗೆ ತಾನೇ ಯಜಮಾನ, ತಾನೇ ಗುಮಾಸ್ತ, ತಾನೇ ಜವಾನ. ದರಪಟ್ಟಿ ಬರೆಯಬೇಕು, ಬಿಲ್ಲು ಕಳುಹಿಸಬೇಕು, ಬಾಕಿಯನ್ನು ನೆನಪಿಸಬೇಕು, ತೆರಿಗೆಯ ಲೆಕ್ಕವಿಡಬೇಕು. ತಿಂಗಳ ಮೊದಲ ದಿನ ಸಂಬಳ ಬರುವುದಿಲ್ಲ. ಮದುವೆಯ ಕಾಲದಲ್ಲಿ ಕರೆಯೋಲೆಗಳು, ವರ್ಷದ ಕೊನೆಗೆ ಕ್ಯಾಲೆಂಡರುಗಳು, ದಸರಾ ದೀಪಾವಳಿಗಳಲ್ಲಿ ಜಾಹೀರಾತುಗಳು ಮುಗಿಬೀಳುತ್ತವೆ. ಆಷಾಢ ಬಂತೆಂದರೆ ದೂರವಾಣಿ ಮಲಗಿಬಿಡುತ್ತದೆ. ಗಾಳಿ ಬಂದಾಗ ತೂರಿಕೊಂಡದ್ದರಲ್ಲೇ ಗಾಳಿಯಿಲ್ಲದ ತಿಂಗಳುಗಳನ್ನೂ ಕಳೆಯಬೇಕು. ಯಂತ್ರದ ಕಂತು, ತಂತ್ರಾಂಶದ ಬಾಡಿಗೆ, ವಿದ್ಯುತ್ತು ಹೋದಾಗ ನೆರವಾಗುವ ಬ್ಯಾಟರಿ ಎಲ್ಲವೂ ಅವನ ಖರ್ಚೇ. ಜ್ವರ ಬಂದರೆ ಸಂಬಳಸಹಿತ ರಜೆಯಿಲ್ಲ, ಭವಿಷ್ಯನಿಧಿಯಿಲ್ಲ, ನನಗಿರುವಂಥ ಪಿಂಚಣಿಯೂ ಇಲ್ಲ. ಕತ್ತು ನೋವಿಗೆಂದು ಅವನು ಆಗಾಗ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದನ್ನು ಕಂಡೆ.

"ಬಾಕಿ ಸಕಾಲಕ್ಕೆ ಬರುತ್ತದೆಯೆ?" ಎಂದು ಕೇಳಿದೆ. ಅವನು ನಕ್ಕನು. "ಕಾನೂನು ನಮ್ಮ ಕಡೆಗೇ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ನೋಂದಾಯಿಸಿಕೊಂಡ ಸಣ್ಣ ಉದ್ದಿಮೆದಾರನಿಗೆ ಕೆಲಸ ಒಪ್ಪಿಸಿಕೊಂಡವರು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು. ತಪ್ಪಿದರೆ ಚಕ್ರಬಡ್ಡಿ ಸೇರುತ್ತದೆ. ಆದರೆ ಒಮ್ಮೆ ದೂರು ಕೊಟ್ಟವನಿಗೆ ಆ ಗಿರಾಕಿಯಿಂದ ಮತ್ತೆ ಕೆಲಸ ಬರುವುದಿಲ್ಲ. ಅದಕ್ಕಾಗಿ ನಾನು ಅರ್ಧ ಹಣವನ್ನು ಮುಂಗಡವಾಗಿಯೇ ಕೇಳುತ್ತೇನೆ. ಎಷ್ಟು ಸಲ ತಿದ್ದಿಕೊಡುವೆನೆಂಬುದನ್ನೂ ಮೊದಲೇ ಬರೆದುಕೊಡುತ್ತೇನೆ."

ಹಕ್ಕಿನ ಮಾತೂ ಬಂದಿತು. ಅವನು ಮಾಡಿದ ಚಿತ್ರವೊಂದನ್ನು ಯಾರೋ ಕೇಳದೆಯೇ ತಮ್ಮ ಪೊಟ್ಟಣದ ಮೇಲೆ ಅಚ್ಚುಹಾಕಿಸಿಕೊಂಡಿದ್ದರಂತೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆ ಕವಿತೆಯನ್ನು ರಕ್ಷಿಸುವಂತೆ ಇಂಥ ರೇಖಾಚಿತ್ರವನ್ನೂ ರಕ್ಷಿಸುತ್ತದೆ. ನೌಕರಿಯಲ್ಲಿರುವವನು ನೌಕರಿಯ ಅಂಗವಾಗಿ ಮಾಡಿದ ಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನಿಗೆ ಸೇರುತ್ತದೆ. ಸ್ವತಂತ್ರವೃತ್ತಿಯವನು ರಚಿಸಿದ ಚಿಹ್ನೆಯ ಹಕ್ಕಾದರೋ ಸಾಮಾನ್ಯವಾಗಿ ಮೊದಲು ಅವನದೇ. ಅದನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ ಬರವಣಿಗೆಯಲ್ಲಿ ಸಹಿಯೊಡನೆ ವರ್ಗಾಯಿಸಬೇಕು. ಬಾಯಿಮಾತು ಸಾಲದು.

ನಾನು ಇನ್ನೂ ನನ್ನ ಹಳೆಯ ಹಠದಲ್ಲೇ ಇದ್ದೆ. "ಅದೆಲ್ಲ ಸರಿ. ಆದರೆ ಕೈ ಪಳಗಿದವನಿಗೆ ಒಂದು ಚಿಹ್ನೆ ಬರೆಯಲು ಎಷ್ಟು ಹೊತ್ತು ಬೇಕು?" ಎಂದೆ. ಆಗ ಅವನು ಒಂದು ನಿಜಸಂಗತಿಯನ್ನು ಹೇಳಿದನು. 1971ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಕ್ಯಾರೊಲಿನ್ ಡೇವಿಡ್ಸನ್ ಎಂಬ ವಿದ್ಯಾರ್ಥಿನಿ ಪಾದರಕ್ಷೆಗಳ ಸಣ್ಣ ಕಂಪನಿಯೊಂದಕ್ಕೆ ರೆಕ್ಕೆಯ ಬಾಗಿನಂಥ ಒಂದು ಗುರುತನ್ನು ಬರೆದುಕೊಟ್ಟಳು. ಗಂಟೆಗೆ ಇಂತಿಷ್ಟೆಂದು ಲೆಕ್ಕಹಾಕಿ ಅವಳು ಪಡೆದದ್ದು 35 ಡಾಲರ್. ಆ ಕಂಪನಿಯೇ ಇಂದು ಜಗತ್ತಿನಾದ್ಯಂತ ಪ್ರಸಿದ್ಧವಾದ ನೈಕಿ. ಆ ಗುರುತನ್ನು ನೀವೂ ಕಂಡಿರಬಹುದು. 1983ರಲ್ಲಿ ಕಂಪನಿಯು ಅವಳನ್ನು ಕರೆದು, ಒಂದು ಉಂಗುರವನ್ನೂ ತನ್ನ ಷೇರುಗಳನ್ನೂ ಕೊಟ್ಟು ಗೌರವಿಸಿತು. "ಗುರುಗಳೇ, ಗೆರೆ ಅದೇ. 1971ರಲ್ಲೂ ಅದೇ, 1983ರಲ್ಲೂ ಅದೇ. ಬರೆಯಲು ಹಿಡಿದ ಹೊತ್ತೊಂದರಿಂದಲೇ ಅದರ ಬೆಲೆಯನ್ನು ಕಟ್ಟಲಾದೀತೆ?" ಎಂದನು.

ನಮ್ಮ ರೂಪಾಯಿಯ ಚಿಹ್ನೆಯನ್ನೇ ನೋಡಿ. ಡಿ. ಉದಯಕುಮಾರ್ ಅವರು ರೂಪಿಸಿದ ಆ ಚಿಹ್ನೆಯನ್ನು ಭಾರತ ಸರ್ಕಾರ 2010ರ ಜುಲೈ 15ರಂದು ಅಂಗೀಕರಿಸಿತು. ದೇವನಾಗರಿಯ 'ರ' ಅಕ್ಷರ, ರೋಮನ್ ಲಿಪಿಯ 'ಆರ್' ಅಕ್ಷರ ಇವೆರಡೂ ಅದರಲ್ಲಿ ಬೆರೆತಿವೆ. ಎಣಿಸಿದರೆ ಕೆಲವೇ ಗೆರೆಗಳು. ಆದರೆ ಕೋಟ್ಯಂತರ ಜನ ದಿನವೂ ಯೋಚಿಸದೆ ಬರೆಯುವಷ್ಟು ಸರಳವಾಗಬೇಕಾದರೆ, ಯಾರೋ ಒಬ್ಬರು ಅದಕ್ಕಾಗಿ ಬಹಳ ಯೋಚಿಸಿರಬೇಕು. ಸುಲಭವಾಗಿ ಕಾಣುವುದೆಲ್ಲ ಸುಲಭವಾಗಿ ಆದದ್ದಲ್ಲ.

ಈಗ ಹೊಸದೊಂದು ಮಾತು ಕೇಳಿಬರುತ್ತಿದೆ. ಹೇಳಿದ್ದನ್ನು ಕೇಳಿ ಚಿತ್ರ ಬರೆದುಕೊಡುವ ಗಣಕ ತಂತ್ರಾಂಶಗಳು ಬಂದಿವೆ. ಇನ್ನು ವಿನ್ಯಾಸಕಾರರೇಕೆ ಎನ್ನುತ್ತಾರೆ. ಅವನಿಗೂ ಈ ಅಂಜಿಕೆ ಇಲ್ಲದಿಲ್ಲ; ಸಣ್ಣಪುಟ್ಟ ಕೆಲಸಗಳು ಕೆಲವು ಅವನ ಕೈತಪ್ಪಿಯೂ ಇವೆ. "ಯಂತ್ರ ಕ್ಷಣಾರ್ಧದಲ್ಲಿ ನೂರು ಚಿತ್ರ ಕೊಡಬಹುದು. ಈ ಊರಿನ ಈ ಅಂಗಡಿಗೆ ಅವುಗಳಲ್ಲಿ ಯಾವುದು ತಕ್ಕದ್ದು, ನಮ್ಮ ಒತ್ತಕ್ಷರ ಸರಿಯಾಗಿ ಕುಳಿತಿದೆಯೆ, ತಪ್ಪಾದರೆ ಹೊಣೆ ಯಾರದು, ಇವಕ್ಕೆ ಉತ್ತರ ಹೇಳಲು ಒಬ್ಬ ಮನುಷ್ಯ ಬೇಕು. ನಾನು ಅಂಥ ಮನುಷ್ಯನಾಗಿ ಉಳಿಯಲು ಪ್ರಯತ್ನಿಸುತ್ತಿದ್ದೇನೆ" ಎಂದನು. ಆ ಉತ್ತರದಲ್ಲಿ ಧೈರ್ಯವೂ ಇತ್ತು, ಸ್ವಲ್ಪ ಕಳವಳವೂ ಇತ್ತು.

ಎರಡನೆಯ ದಿನ ಬೆಳಿಗ್ಗೆ ಅವನು ಸ್ನಾನಕ್ಕೆ ಹೋಗಿದ್ದಾಗ, ವಿಳಾಸ ಬರೆದುಕೊಳ್ಳಲೆಂದು ಮೇಜಿನ ಮೇಲಿದ್ದ ಪುಸ್ತಕವನ್ನು ತೆರೆದೆ. ಅದು ಅವನ ಲೆಕ್ಕದ ಪುಸ್ತಕ. ತೆರೆಯಬಾರದಾಗಿತ್ತು, ತೆರೆದದ್ದಾಯಿತು. ಪ್ರತಿಯೊಂದು ಕೆಲಸದ ಮುಂದೆ ಹಿಡಿದ ಗಂಟೆಗಳು, ಬರಬೇಕಾದ ಹಣ, ಬಂದ ಹಣ. ನಡುವೆ ಒಂದು ಸಾಲು: "ಸುವರ್ಣ ಸ್ಮೃತಿ. 31 ಗಂಟೆ." ಹಣದ ಅಂಕಣದಲ್ಲಿ ಒಂದು ಅಡ್ಡಗೆರೆ. ಅದರ ಮೇಲಿನ ಸಾಲಿನಲ್ಲಿ ಇನ್ನೊಂದು ಕೆಲಸದ ಹೆಸರಿದ್ದು, ಮುಂದೆ "ಸಮಯವಿಲ್ಲ, ಬಿಟ್ಟೆ" ಎಂದು ಬರೆದಿತ್ತು. ಆ ಅಡ್ಡಗೆರೆಯನ್ನು ನಾನು ಬಹಳ ಹೊತ್ತು ನೋಡಿದೆ. ಅವನು ಎಳೆದ ಗೆರೆಗಳಲ್ಲೆಲ್ಲ ನನ್ನನ್ನು ಬಹಳವಾಗಿ ಕಾಡಿದ ಗೆರೆ ಅದು.

ಕಾಯಕದ ಮಹತ್ವವನ್ನು ಮೂವತ್ತನಾಲ್ಕು ವರ್ಷ ಬೋಧಿಸಿದವನು ನಾನು. ಇದೇ ಹುಡುಗನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿಕೊಂಡು, ದುಡಿದವನಿಗೆ ಫಲ ಸಲ್ಲಬೇಕೆಂದು ವಚನಕಾರರ ಮಾತನ್ನು ವಿವರಿಸಿದವನೂ ನಾನೇ. ಬಡಗಿಯನ್ನು ಕರೆದು ಬಾಗಿಲು ಮಾಡಿಸಿದರೆ ಕೂಲಿ ಕೊಡುತ್ತೇವೆ. ವೈದ್ಯನು ಹತ್ತು ನಿಮಿಷ ನೋಡಿದರೂ ಶುಲ್ಕ ಕೊಡುತ್ತೇವೆ. ಚಿತ್ರ ಬರೆಯುವವನ ಬಳಿ ಮಾತ್ರ 'ನಿನಗದೇನು ಮಹಾ' ಎನ್ನುತ್ತೇವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಿ ಬರೆಯಲು ಹೇಳುತ್ತಿದ್ದ ನಾನೇ ಆ ದೊಣ್ಣೆಯಾಗಿದ್ದೆ.

ಊರಿಗೆ ಬಂದು ಸಮಿತಿಯ ಮುಂದೆ ವಿಷಯವನ್ನಿಟ್ಟೆ. "ಶಾಲೆಯ ಋಣ ತೀರಿಸಲಿ ಬಿಡಿ" ಎಂದರು ಕೆಲವರು. "ಕಾಗದದ ಅಂಗಡಿಯವರೂ ನಮ್ಮ ಹಳೆಯ ವಿದ್ಯಾರ್ಥಿಯೇ. ಅವರ ಬಿಲ್ಲಿನ ಹಣವನ್ನು ಋಣವೆಂದು ಹಿಡಿದುಕೊಂಡಿದ್ದೇವೆಯೆ?" ಎಂದು ಕೇಳಿದೆ. ಸಭೆ ಸ್ವಲ್ಪ ಹೊತ್ತು ಮೌನವಾಗಿದ್ದು, ಕೊನೆಗೆ ಎಂಟು ಸಾವಿರ ರೂಪಾಯಿಗಳನ್ನು ಮಂಜೂರು ಮಾಡಿತು. ಮೂವತ್ತೊಂದು ಗಂಟೆಗಳ ದುಡಿಮೆಗೂ ಒಂದು ದಿನದ ಪ್ರಯಾಣಕ್ಕೂ ಅದು ಹೆಚ್ಚಿನ ಮೊತ್ತವೇನೂ ಅಲ್ಲ. ಒಳಪುಟದಲ್ಲಿ 'ಮುಖಪುಟ ವಿನ್ಯಾಸ' ಎಂದು ಅವನ ಹೆಸರನ್ನು ಹಾಕುವುದನ್ನೂ ನಾನು ಮರೆತಿದ್ದೆ. ಮುದ್ರಣಾಲಯಕ್ಕೆ ಹೇಳಿ ಕೊನೆಯ ಗಳಿಗೆಯಲ್ಲಿ ಸೇರಿಸಿದೆ.

ಹಣ ತಲುಪಿದ ದಿನ ಅವನು ದೂರವಾಣಿ ಮಾಡಿದನು. ಬೇಡವೆನ್ನುವನೆಂದು ನಾನು ನಿರೀಕ್ಷಿಸಿದ್ದೆ. ಅವನು ಹಾಗೆನ್ನಲಿಲ್ಲ. "ಬಂತು ಗುರುಗಳೇ, ರಸೀದಿ ಕಳುಹಿಸಿದ್ದೇನೆ. ಇದರಲ್ಲಿ ಎರಡು ಸಾವಿರ ರೂಪಾಯಿಗೆ ಶಾಲೆಯ ಗ್ರಂಥಾಲಯಕ್ಕೆ ನಿಘಂಟು ಕೊಡಿಸುತ್ತೇನೆ. ಕೂಲಿಯನ್ನು ನೀವು ಕೂಲಿಯಾಗಿ ಕೊಡಿ. ದಾನವನ್ನು ನಾನು ದಾನವಾಗಿ ಕೊಡುತ್ತೇನೆ. ಎರಡನ್ನೂ ಬೆರೆಸಿದರೆ ಕೂಲಿಯೂ ಉಳಿಯುವುದಿಲ್ಲ, ದಾನವೂ ಆಗುವುದಿಲ್ಲ" ಎಂದನು. ಶಿಷ್ಯನಿಂದ ಕಲಿಯುವುದು ಗುರುವಿಗೆ ಅವಮಾನವಲ್ಲ. ನಾನು ಆ ದಿನ ಕಲಿತೆ.

ನಿಮ್ಮಲ್ಲಿ ಕೆಲವರು ಮುಂದೆ ಇಂಥ ವೃತ್ತಿಯನ್ನು ಹಿಡಿಯಬಹುದು. ಹಿಡಿದರೆ ಕೈಯನ್ನು ಪಳಗಿಸಿಕೊಳ್ಳಿ, ಲೆಕ್ಕವನ್ನೂ ಕಲಿಯಿರಿ, ಒಪ್ಪಿದ್ದನ್ನು ಬರವಣಿಗೆಯಲ್ಲಿಡಿ, ಹೇಳಿದ ದಿನಕ್ಕೆ ಕೆಲಸ ಕೊಡಿ. ಉಳಿದವರು ಒಂದಲ್ಲ ಒಂದು ದಿನ ಇಂಥವರ ಬಳಿ ಕೆಲಸ ಮಾಡಿಸುವವರಾಗುತ್ತೀರಿ. ಆಗ ಬೇಕಾದದ್ದೇನೆಂಬುದನ್ನು ಸ್ಪಷ್ಟವಾಗಿ ಹೇಳಿ, ಹಣದ ಮಾತನ್ನು ನೀವೇ ಮೊದಲು ಎತ್ತಿ. ಆ ಮಾತನ್ನಾಡಲು ಸಂಕೋಚಪಟ್ಟು ದೂರವಾಣಿಯ ಆ ತುದಿಯಲ್ಲಿ ಒಬ್ಬನು ಒಂದು ಕ್ಷಣ ಮೌನವಾಗಿರಬಹುದು. ಆ ಮೌನ ನಿಮಗಾದರೂ ಕೇಳಿಸಲಿ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. 'ಲಾನ್ಸ್' ಎಂಬ ಪದದ ಅರ್ಥವೇನು?
2. ಸಮಿತಿಯು ಹನ್ನೊಂದನೆಯ ಸಲ ಒಪ್ಪಿಕೊಂಡ ವಿನ್ಯಾಸ ಯಾವುದು?
3. ರೂಪಾಯಿಯ ಚಿಹ್ನೆಯನ್ನು ಸರ್ಕಾರ ಎಂದು ಅಂಗೀಕರಿಸಿತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಪರದೆಯ ಬಣ್ಣಕ್ಕೂ ಕಾಗದದ ಬಣ್ಣಕ್ಕೂ ವ್ಯತ್ಯಾಸವಾಗುವುದೇಕೆ?
2. ಕನ್ನಡ ಲಿಪಿಯ ವಿನ್ಯಾಸದಲ್ಲಿ ಒತ್ತಕ್ಷರಗಳಿಂದ ಉಂಟಾಗುವ ತೊಡಕೇನು?
3. ಕಾನೂನು ತನ್ನ ಕಡೆಗಿದ್ದರೂ ಸ್ವತಂತ್ರವೃತ್ತಿಯವನು ದೂರು ಕೊಡಲು ಹಿಂಜರಿಯುವುದೇಕೆ?

ಇ. ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. "ಎರಡು ಗೆರೆ ಎಳೆದುಕೊಟ್ಟರೆ ಆಯಿತು."
2. "ಕೂಲಿಯನ್ನು ನೀವು ಕೂಲಿಯಾಗಿ ಕೊಡಿ."

ಈ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯನ್ನು ನಿಮ್ಮ ಊರಿನ ಒಂದು ವೃತ್ತಿಯನ್ನು ಉದಾಹರಿಸಿ ವಿಸ್ತರಿಸಿ ಬರೆಯಿರಿ.